ಪೋರ್ಟಿನಲ್ಲಿ ಹೊಟ್ಟು

ಎಮ್ಯುಲೇಟರಿನ ಫೋನಿಗೆ ಸದಾ ನೂರು ಪರ್ಸೆಂಟು ಬ್ಯಾಟರಿ.
ಕೈಜಾರಿ ಬಿದ್ದು ಗೊತ್ತಿಲ್ಲ,
ದಾವಣಗೆರೆಯ ಧೂಳು ತಾಕಿಲ್ಲ.
ಮಂಡಕ್ಕಿ ಚೀಲದ ಲೆಕ್ಕ ಅದರಲ್ಲಿ ತಪ್ಪೋದೇ ಇಲ್ಲ.

ಅಬ್ಬಾನ ಫೋನು ಮಾತ್ರ ಲಿಸ್ಟಿಗೆ ಬರದು.
ಕೇಬಲ್ ಬದಲಿಸಿದೆ. ಮೊದಲಿನದು
ಬರೀ ಕರೆಂಟು ಕುಡಿಸುವ ಜಾತಿ, ಸುದ್ದಿ ದಾಟಿಸದು.
ಡ್ರೈವರ್ ಹಾಕಿ, ತೆಗೆದು, ಮತ್ತೆ ಹಾಕಿ
ಅಷ್ಟರಲ್ಲಿ ರಾತ್ರಿ ಪಾಳಿಯ ಭಟ್ಟಿ ಹೊತ್ತಿಕೊಂಡವು,
ಕಿಟಕಿಯಲ್ಲಿ ಕಾದ ಉಸುಕಿನ ವಾಸನೆ.

ಟಾರ್ಚು ಬಿಟ್ಟು ನೋಡಿದರೆ
ಪೋರ್ಟಿನ ಬಾಯಲ್ಲಿ ಭತ್ತದ ಹೊಟ್ಟು,
ಎರಡು ಸುಗ್ಗಿಯದು.
ದುಪಟ್ಟಾದ ಪಿನ್ನು ಬಿಚ್ಚಿ ಕೆದಕಿದೆ.
ಟಣ್ ಅಂತು ಲ್ಯಾಪ್‌ಟಾಪು.

ಫೋನು ಕೇಳುತ್ತಿದೆ: ಈ ಕಂಪ್ಯೂಟರನ್ನು ಒಳಗೆ ಬಿಡಲೇ?
ಅಬ್ಬಾ ಓದಿದರು, ಎರಡು ಸಲ.
“ಯಾರದಿದು?”
“ನಂದೇ.”
ಸುಟ್ಟು ಗೆರೆ ಅಳಿಸಿದ ಹೆಬ್ಬೆಟ್ಟು ಲುಂಗಿಗೆ ಒರೆಸಿ
ಕೆಳಗಿನ ‘ಯಾವಾಗಲೂ’ ಚೌಕವನ್ನೂ ಒತ್ತಿದರು.