ಮುಚ್ಚಳದ ಗುಂಡಿ ತರಲು ಒಸಾಕಾಗೆ

ನೊಬುಯೊಸಾನರ ಪಾತ್ರೆಯ ಮುಚ್ಚಳಕ್ಕೆ ಹಿಡಿಯಿಲ್ಲ.
ನಾಲ್ಕು ವರ್ಷದಿಂದ ಅಲ್ಲೊಂದು ಬಾಟಲಿಯ ಬಿರಡೆ,
ಕೆಳಗಿನಿಂದ ತಿರುಪು ಬಿಗಿದದ್ದು,
ಆವಿ ಕುಡಿದು ಕುಡಿದು ಕಪ್ಪಾಗಿ
ಹಳೇ ಹಲ್ಲಿನ ಹಾಗೆ ಅಲ್ಲಾಡುತ್ತದೆ.
ಹೋಗಿಬಿಡೋಣ ಅಂದರು. ಇವತ್ತೇ.
ಯುಆಸಾದ ಓಣಿಗಳೆಲ್ಲ ನೀರಲ್ಲಿ ನಿಂತು
ಸೋಯಾ ಪೀಪಾಯಿಗಳ ವಾಸನೆ ನೆಲಕ್ಕಿಳಿದಿದ್ದ ದಿನ.

ರೈಲು, ಎರಡು ಗಂಟೆ.
ಕಿತ್ತಳೆಯ ಗುಡ್ಡಗಳು ಕಿಟಕಿಯಲ್ಲಿ ಕಲಸಿಹೋದವು.
ಅವರ ಭಾಷೆಯಲ್ಲಿ ನನಗೆ ಬರುವುದು ಮೂವತ್ತು ಮಾತು,
ಅದರಲ್ಲಿ ಹತ್ತು ಉಪ್ಪು ಹುಳಿಗೆ ಸೇರಿದವು.
ಮೂರು ತಿಂಗಳು ಅವರ ಅಡುಗೆಮನೆಯಲ್ಲಿ
ಹುದುಗಿಸುವ ವಿದ್ಯೆ ಕಲಿಯಲು ಬಂದವಳು
ಕಿವಿಗಿಂತ ಮೂಗನ್ನೇ ನಂಬಿದ್ದೆ.

ಒಸಾಕಾದಲ್ಲಿ ಮಳೆಗೂ ಶಿಸ್ತು.
ಅಂಗಡಿಯ ಬಾಗಿಲಲ್ಲೇ ಕೊಡೆಗೊಂದು ಪ್ಲಾಸ್ಟಿಕ್ ಚೀಲ ತೊಡಿಸಿ
ಒಳಗೆ ಕರೆಯುತ್ತಾರೆ.
ನನ್ನ ಸಲ್ವಾರಿನ ಕಾಲಿಗೆ ಮಾತ್ರ ಯಾರೂ ಏನೂ ತೊಡಿಸಲಿಲ್ಲ.
ಪಾತ್ರೆಬೀದಿಗೆ ಉದ್ದಕ್ಕೂ ಮಾಡು,
ಮೇಲೆ ದಬದಬ, ಕೆಳಗೆ ಬೆಳಕು, ಸೌಟು, ಜರಡಿ,
ಪ್ಲಾಸ್ಟಿಕ್ಕಿನ ಸೀಗಡಿ, ಪ್ಲಾಸ್ಟಿಕ್ಕಿನ ಮೊಟ್ಟೆ,
ಯಾರೂ ಎತ್ತದೆ ಗಾಳಿಯಲ್ಲಿ ಎದ್ದು ನಿಂತ ನೂಡಲ್ಸು.
ಉಣ್ಣುವವರಿಲ್ಲದ ಮದುವೆಯೂಟ.

ಐದು ಅಂಗಡಿ.
ದೊಡ್ಡದಾಯಿತು, ಚಿಕ್ಕದಾಯಿತು, ಕೆಂಪಿದೆ ಬೇಕಾ,
ಇಡೀ ಮುಚ್ಚಳವನ್ನೇ ಕೊಳ್ಳಬಾರದೇ.
ಆರನೆಯದರಲ್ಲಿ ಯಾವುದೋ ಡ್ರಾಯರಿನ ತಳದಿಂದ ಬಂತು
ಗಜ್ಜುಗದಷ್ಟು ಕರಿಮರದ ಗುಂಡಿ.
ಇನ್ನೂರು ಯೆನ್.
ರೈಲಿಗೆ ಇಬ್ಬರದೂ ಸೇರಿ ಸುಮಾರು ಏಳು ಸಾವಿರ
ಎಂದು ಬೆರಳಲ್ಲಿ ಎಣಿಸಿ ತೋರಿಸಿದೆ.
ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಭುಜ ಕುಣಿಯುವಷ್ಟು.

ಚಾಕುವಿನ ಅಂಗಡಿ ಪಟ್ಟಿಯಲ್ಲಿರಲಿಲ್ಲ.
'ನೀನು ಮೂಲಂಗಿಯನ್ನು ಹೆಚ್ಚುವುದಿಲ್ಲ, ಕೊಲ್ಲುತ್ತೀ'
ಎಂದು ಮೊದಲ ವಾರವೇ ಫೋನಿನ ಬಾಯಲ್ಲಿ ಹೇಳಿಸಿದ್ದರು.
ಅಂಗಡಿಯ ಮುದುಕ, ಕುವಬಾರ, ಕೇಳಿದ: ಹೆಸರು?
ಅಲಗಿನ ಮೇಲೆ ಕೊರೆದು ಕೊಡುತ್ತಾರಂತೆ,
ನಮ್ಮಲ್ಲಿ ಸ್ಟೀಲ್ ಲೋಟದ ಮೇಲೆ ಕೊರೆಸುವ ಹಾಗೆ.
ಬರೆದೆ: ಅಂಬುಜ.
ಕೂದಲಿಂದ ಹನಿಯೊಂದು ಜಾರಿ ಜ-ದ ಪಕ್ಕ ಬಿತ್ತು.
ಶಾಯಿ ಅದರ ಸುತ್ತ ಕಟ್ಟಿಕೊಂಡಿತು.

ಮುದುಕ ಕನ್ನಡಕ ಹಣೆಗೇರಿಸಿದ.
ಗೊತ್ತಿಲ್ಲದ ಅಕ್ಷರ, ಏನು ಬಿಟ್ಟರೆ ಏನು ಕೆಡುತ್ತದೋ.
ಅ-ದ ಬಾಲ, ಸೊನ್ನೆ, ಬು-ವಿನ ಕೊಂಬು, ಜ-ದ ಬಳುಕು,
ಟಕ್ ಟಕ್ ಟಕ್,
ಕೊನೆಗೆ, ಅಷ್ಟೇ ಶ್ರದ್ಧೆಯಿಂದ, ಆ ಹನಿಯನ್ನೂ.

ಅಂಬುಜಂ.

ಯಾವುದೋ ಕೆರೆಗೆ ದತ್ತಿ ಬಿಟ್ಟವಳ ಹಾಗೆ
ಉಕ್ಕಿನ ಮೇಲೆ ಹಳಗನ್ನಡದಲ್ಲಿ ನಿಂತಿದ್ದೇನೆ.
ಮೊದಲ ಸೊನ್ನೆ ಅಪ್ಪ ಇಟ್ಟದ್ದು,
ಎರಡನೆಯದು ಮಂಗಳವಾರ ಮಧ್ಯಾಹ್ನದ ಮಳೆಯದು.
ತಪ್ಪಾಗಿದೆ ಎನ್ನಲು ಮೂವತ್ತರಲ್ಲಿ ಮಾತಿರಲಿಲ್ಲ.
ಇದ್ದಿದ್ದರೂ.

ದುಡ್ಡು ನೊಬುಯೊಸಾನ್ ಕೊಟ್ಟೇಬಿಟ್ಟರು.
ಕೈಯಿಂದ ಕೈಗೆ ಬೇಡ, ಜಗಳ ಬರುತ್ತದೆ,
ಮೇಜಿನ ಮೇಲಿಡಿ, ಎಂದು ಸನ್ನೆ ಮಾಡಿದೆ.
ಅವರ ಹೆದರಿಕೆ ಬೇರೆ:
ಉಡುಗೊರೆಯ ಅಲಗು ನಂಟು ಕಡಿಯುತ್ತದೆ,
ಐದು ಯೆನ್ ಕೊಟ್ಟು ಕೊಂಡ ಹಾಗೆ ಮಾಡು.
ಚಾಕು ಮೇಜಿಗೆ ಬಂತು, ತೂತಿನ ನಾಣ್ಯ ಅವರ ಅಂಗೈಗೆ ಹೋಯಿತು.
ಎರಡೂ ಕಡೆಯ ಮುತ್ತಜ್ಜಿಯರು ಸಮಾಧಾನ.

ರಾತ್ರಿ, ಒದ್ದೆ ಕಾಲುಚೀಲ ಕಳಚುವ ಮೊದಲೇ,
ತಿರುಪು ಬಿಚ್ಚಿ ಗುಂಡಿ ಕೂರಿಸಿದರು.
ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು.
ಪಾತ್ರೆಯಲ್ಲಿ ಏನೂ ಇರಲಿಲ್ಲ.
ಬಿರಡೆ ಹಿಡಿದು ಕಸದ ಡಬ್ಬಿಗಳ ಮುಂದೆ ನಿಂತರು,
ಸುಡುವುದಕ್ಕೋ, ಸುಡದ್ದಕ್ಕೋ.
ನಿಂತೇ ಇದ್ದರು.
ಆಮೇಲೆ ನನ್ನ ಚಾಕು ಎಳೆದುಕೊಂಡು
ಅದರ ತುದಿಗೆ ಬಿರಡೆ ಚುಚ್ಚಿದರು.
ಪ್ರಯಾಣಕ್ಕೆ, ಎಂದರು.

ಇನ್ನೂ ಹತ್ತೊಂಬತ್ತು ದಿನವಿತ್ತು.