ಭರ್ತಿ

ನಾಲಾದ ಅಗಲ ಎಷ್ಟು, ಕೇಳುತ್ತದೆ ಕಾರವಾರ ನಗರಸಭೆಯ ನಮೂನೆ.
"ಎಲ್ಲ ಕಾಲಂ ಕಡ್ಡಾಯವಾಗಿ ಭರ್ತಿ ಮಾಡತಕ್ಕದ್ದು."
ಟೇಪಿನ ಆ ತುದಿ ದತ್ತಾ ಗುನಗಿಯ ಕೈಲಿ,
ಈ ತುದಿ ನನ್ನ ಕೈಲಿ,
ನಡುವೆ ಕಪ್ಪು ನೀರು, ಒಂದು ಚಪ್ಪಲಿ, ಹಾಲಿನ ಪ್ಯಾಕೆಟ್ಟು,
ಒಂಟಿಕಾಲಲ್ಲಿ ನಿಂತು ನಮ್ಮನ್ನೇ ತಪಾಸಣೆ ಮಾಡುವ ಬೆಳ್ಳಕ್ಕಿ.

ಬೆಳಿಗ್ಗೆ ಒಂಬತ್ತಕ್ಕೆ ಐದು ಮೀಟರ್ ಇಪ್ಪತ್ತು.
ಚಾ ಕುಡಿದು ಬಂದರೆ ಏಳು.
ಹನ್ನೆರಡೂವರೆಗೆ ಹನ್ನೊಂದು, ದತ್ತಾನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ.
"ಸಾಹೇಬ್ರೇ, ಯಾವುದು ಬರೀತೀರಿ?"

ಹಿಂಬಾಗಿಲಲ್ಲಿ ಮೀನು ಕೊಯ್ಯುತ್ತಿದ್ದ ಸುಲೋಚನಾ ದುರ್ಗೇಕರ ನಕ್ಕಳು:
"ಭರ್ತಿ ಬಂತಲ್ಲ. ಈಗ ಅಳೆದ್ರೆ ಏನು ಸಿಕ್ತದೆ?
ಸುಕ್ತಿಗೆ ಬನ್ನಿ. ಇಲ್ಲಾ, ಎರಡೂ ಬರ್ಕೊಳ್ಳಿ."
ಕಾಲಂ ಒಂದೇ ಇದೆ, ಬಾಯಿ.

ಅವಳ ಅತ್ತೆಯ ಬಾಯಲ್ಲಿ ಇದು ಹೊಳೆ.
ನನ್ನ ಮೇಜಿನ ಮೇಲೆ ಮಳೆನೀರು ಚರಂಡಿ, ಕ್ರಮಸಂಖ್ಯೆ ನಾಲ್ಕು.
ಹೆಸರು ಯಾವ ವರ್ಷ ಬದಲಾಯಿತೋ
ಹುಡುಕಿದೆ; ಗೆದ್ದಲು ತಿಂದ ರಿಜಿಸ್ಟರಿನಲ್ಲಿ
ಯಾರೋ ಗುಮಾಸ್ತನ ಚೆಂದದ ಅಕ್ಷರ ಮಾತ್ರ ಉಳಿದಿದೆ.
ಹೊಳೆಗೆ ದಡ ಬೇಕು. ಚರಂಡಿಗೆ ಗೋಡೆ ಸಾಕು.
ಗೋಡೆಯ ಅಂದಾಜು ಪಟ್ಟಿ ನಾನೇ ಮಾಡಿದ್ದು.
ಅದರಲ್ಲಿ "ಗಿಡಗಂಟಿ ತೆರವು" ಎಂದಿರುವುದು
ಈ ಕಾಂಡ್ಲಾ, ಕೆಸರಿನಿಂದ ಬೆರಳೆತ್ತಿ ಉಸಿರಾಡುವ ಬೇರು,
ಬೇರಿನ ಸಂದಿಯಲ್ಲಿ ಒಂದೇ ದೊಡ್ಡ ಕೈ ಬೀಸಿ
ಯಾರನ್ನೋ ಕರೆಯುತ್ತಿರುವ ಏಡಿ.
ಚದರ ಮೀಟರಿಗೆ ಹದಿನೆಂಟು ರೂಪಾಯಿ.

ಮೇಲೆ ಲಾಡ್ಜಿನ ಪೈಪು ತನ್ನ ಪಾಡಿಗೆ ಸುರಿಯುತ್ತದೆ.
ಪೈಪಿಗೂ ಒಂದು ಕಾಲಂ ಉಂಟು.
ಹೋದ ವರ್ಷ ಅಲ್ಲಿ "ಇಲ್ಲ" ಎಂದು ಬರೆದಿದೆ.
ಸಹಿ ನನ್ನದೇ.
ಸುಲೋಚನಾಳ ಬಾವಿಗೆ ತಗಡು ಮುಚ್ಚಿದ್ದಾರೆ,
ತಗಡಿನ ಮೇಲೆ ಈಗ ಸಿಗಡಿ ಒಣಗುತ್ತದೆ.

ಅಷ್ಟರಲ್ಲಿ ಟಪ್ಪೆಂದಿತು ನೀರು.
"ಶೆವಟೆ!" ದತ್ತಾ ಟೇಪು ಬಿಟ್ಟೇಬಿಟ್ಟ.
ಗೇಣುದ್ದದ ಬೆಳ್ಳಿ, ಸಮುದ್ರದಿಂದ ಬಂದದ್ದು,
ಹಾಲಿನ ಪ್ಯಾಕೆಟ್ಟಿನ ಮಗ್ಗುಲಲ್ಲಿ ಹಾರಿ
ಮತ್ತೆ ಕಪ್ಪಿನೊಳಗೆ.
ಇನ್ನೊಂದು. ಆಮೇಲೆ ಮತ್ತೊಂದು.
"ನಾವು ತಿನ್ನೋದಿಲ್ಲಪ್ಪ ಇದನ್ನ," ಅಂದಳು, "ಸೀಮೆಎಣ್ಣೆ ವಾಸನೆ.
ಆದ್ರೂ ಬರ್ತಾವೆ. ಹೊಳೆ ಅಂದ್ಕೊಂಡು."

ಟೇಪು ಸುತ್ತಿದೆ, ಉಪ್ಪು ಒರೆಸಿದೆ,
ಆಫೀಸಿನ ಫ್ಯಾನಿನ ಕೆಳಗೆ ಕೂತು
ಅಗಲ ಎಂಬಲ್ಲಿ ಬರೆದೆ: ಐದರಿಂದ ಹನ್ನೊಂದು, ಹೋದ ಹೊತ್ತಿನ ಮೇಲೆ.
ವಾಪಸು ಬರುತ್ತದೆ, ಗೊತ್ತು,
ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡು.
ಕೆಳಗಿನ ಸಾಲು: ಹೊರಬೀಳುವ ಪೈಪುಗಳು, ಇದೆ / ಇಲ್ಲ.
ಪೆನ್ನು ಎತ್ತಿ ಗಡಿಯಾರ ನೋಡಿದೆ.
ಸುಕ್ತಿ ಶುರುವಾಗಿರಬೇಕು.