ಬೆನ್ನಿನ ಜಿಪ್ಪು

ಮೂರೂವರೆ ಇಂಚು. ಕೊಂಬು ಸೇರಿದರೆ ನಾಲ್ಕು.
ಅರುವತ್ತೊಂದು ತುಂಡು, ಅದರಲ್ಲಿ
ಹದಿನೆಂಟು ಬರೀ ಬೆನ್ನ ಮೇಲಿನ ಗರಗಸಕ್ಕೆ.
ಕುಂಬಳೆ ಪೇಟೆಯ ನನ್ನ ಛಾಪಖಾನೆಯಲ್ಲಿ ರಾತ್ರಿ
ಶಟರು ಅರ್ಧ ಎಳೆದು
ಜಪಾನಿನ ಟೀವಿಯ ಒಂದು ದೈತ್ಯಪ್ರಾಣಿಯನ್ನು
ಮದುವೆ ಕಾಗದದ ಚೂರುಗಳಲ್ಲಿ ಮಾಡುತ್ತಿದ್ದೇನೆ.
ವಾರಿಜ ಬಗ್ಗಿ ನೋಡಿ ಕೇಳಿದಳು:
ಎಂತ ಅದು, ಓಂತಿಯಾ?
ಹೌದು ಎಂದೆ.
ಮೂರು ಮಾಳಿಗೆ ಎತ್ತರದ ಓಂತಿ.

ಅಂದುಂಞಿಯ ಉಪ್ಪ ಶಾರ್ಜಾದಿಂದ ತಂದ ವಿಸಿಆರು,
ಅದರ ಜೊತೆ ಹೆಸರಿಲ್ಲದ ಒಂದೇ ಒಂದು ಕ್ಯಾಸೆಟ್ಟು.
ಪ್ರಾಣಿ ಜಪಾನಿನದು, ಮಾತು ಅರಬ್ಬಿಯದು,
ನೋಡುವ ನಾವಿಬ್ಬರು ಕನ್ನಡ ಶಾಲೆಯ ಆರನೇ ಕ್ಲಾಸು.
ಅರ್ಥಕ್ಕೆ ಏನೂ ಕೊರತೆಯಾಗಲಿಲ್ಲ:
ಅದು ಸಮುದ್ರದಿಂದ ಏಳುತ್ತದೆ,
ರೈಲನ್ನು ಪಡವಲಕಾಯಿಯ ಹಾಗೆ ಎತ್ತುತ್ತದೆ,
ಕರೆಂಟು ತಂತಿಗೆ ಸಿಕ್ಕಿ ಒಂದು ಸಲ ಕೂಗುತ್ತದೆ.
ಆ ಕೂಗು ಮಾತ್ರ ಯಾವ ಭಾಷೆಯದೂ ಅಲ್ಲ.

ಹನ್ನೊಂದನೇ ಸಲ ನೋಡುವಾಗ ಅಂದುಂಞಿ
ಟೇಪು ನಿಲ್ಲಿಸಿ ಪರದೆಗೆ ಬೆರಳಿಟ್ಟ.
ನೋಡು, ಬೆನ್ನಲ್ಲಿ ಜಿಪ್ಪು.
ಒಳಗೆ ಆಳಿದ್ದಾನೆ ಮಾರಾಯ.

ಎರಡು ದಿನ ಮಾತು ಬಿಟ್ಟೆ.
ಮೂರನೇ ದಿನ ಕೇಳಿದೆ: ಅಷ್ಟು ಸೆಕೆಯಲ್ಲಿ
ಅವನು ಹೇಗೆ ಉಸಿರಾಡುವುದು?
ಅಭ್ಯಾಸ ಆಗ್ತದಂತೆ, ಅಂದ.
ಉಪ್ಪ ಕಾಗದದಲ್ಲಿ ಬರೆದಿದ್ದಾರೆ.

ಮಡಿಕೆಗೆ ಶಾಯಿ ಮುಗಿದ ರಿಫಿಲ್ಲು,
ಕೊಯ್ಯಲಿಕ್ಕೆ ಅರ್ಧ ಬ್ಲೇಡು,
ಅಂಟು ಮುಟ್ಟಿಸಲಿಕ್ಕೆ ಊದುಬತ್ತಿಯ ಕಡ್ಡಿ.
ಹೊಟ್ಟೆಗೆ ಹಾಕಿದ್ದು ಮಲಯಾಳದಲ್ಲಿ ಬಂದ ಕರೆಂಟು ಬಿಲ್ಲು:
ಅಕ್ಷರ ಉರುಟು ಉರುಟು, ಮೀನಿನ ಹುರುಪೆಯ ಹಾಗೇ ಕಾಣುತ್ತದೆ,
ಬಣ್ಣ ಬಳಿಯುವ ಕೆಲಸ ಉಳಿಯಿತು.
ಕಣ್ಣಿಗೆ ಯಾರದೋ ನಿಶ್ಚಿತಾರ್ಥದ ಬಂಗಾರದ ಹಾಳೆ.
ಹಲ್ಲು ಇಪ್ಪತ್ತನಾಲ್ಕು ಇರಬೇಕಿತ್ತು;
ಹದಿಮೂರನೆಯದಕ್ಕೆ ಸೀನು ಬಂತು.
ಹಾರಿದವು ಹಾರಲಿ, ಉಳಿದಷ್ಟು ಸಾಕು,
ಪ್ರಾಯ ಆಗಿದೆ ಅದಕ್ಕೂ.

ನಿಲ್ಲಿಸಿದರೆ ಕವುಚಿ ಬೀಳುತ್ತದೆ.
ಬಾಲ ಉದ್ದ ಮಾಡಿದೆ, ಬಿತ್ತು.
ಪಾದ ಅಗಲ ಮಾಡಿದೆ, ಬಿತ್ತು.
ಬೆನ್ನು ಸೀಳಿದೆ. ಒಳಗೆ ಭಾರ ಬೇಕು.

ಮೇಜಿನ ಕೆಳಗೆ ಹಳೆಯ ಅಚ್ಚುಮೊಳೆಗಳ ಡಬ್ಬಿ,
ಆಫ್‌ಸೆಟ್ ಬಂದ ವರ್ಷ ಎಲ್ಲವನ್ನೂ ತೂಕಕ್ಕೆ ಹಾಕಿ
ಉಳಿಸಿಕೊಂಡ ಒಂದು ಹಿಡಿ ಸೀಸ.
ಕೈಗೆ ಸಿಕ್ಕಿದ್ದು ಞ.

ಹೊಳೆ ದಾಟಿ ಆಚೆ ಹೋದರೆ
ಈ ಅಕ್ಷರ ಹೊಸತಾಗಿ ಬಂದು
ಹೊಸತಾಗಿಯೇ ಮುದಿಯಾಗುತ್ತದೆ ಎಂದು
ಕೆಲಸ ಕಲಿಸಿದ ಐತಪ್ಪಣ್ಣ ನಗುವುದಿತ್ತು.
ಇಲ್ಲಿ ಅದಕ್ಕೆ ಪುರುಸೊತ್ತಿರಲಿಲ್ಲ:
ಕುಂಞಂಬು, ಕುಂಞಿಕಣ್ಣ, ಕುಂಞಾಲಿ, ಅಂದುಂಞಿ,
ಗೃಹಪ್ರವೇಶ, ನಿಕಾಹ್, ಉತ್ತರಕ್ರಿಯೆ,
ಪಂಚಾಯತು ಚುನಾವಣೆಯ ಕರಪತ್ರ.
ಅಚ್ಚುಮೊಳೆ ಓದಲಿಕ್ಕೆ ಕನ್ನಡಿ ಬೇಕು.
ಇದು ಎಷ್ಟು ಸವೆದಿದೆಯೆಂದರೆ
ಕನ್ನಡಿಯೂ ತಡವರಿಸುತ್ತದೆ.

ಸೀಳಿನಲ್ಲಿ ತೂರಿಸಿದೆ.
ನಿಂತಿತು.

ಆದರೂ ಸಣ್ಣದು. ಮೇಜಿನ ಮೇಲೆ
ಗೋಂದಿನ ಬಾಟಲಿಯೇ ಅದಕ್ಕಿಂತ ದೈತ್ಯ.
ಟೀವಿಯಲ್ಲಿ ಅದು ದೊಡ್ಡದಾದದ್ದು
ಪಟ್ಟಣವನ್ನು ಸಣ್ಣದು ಕಟ್ಟಿದ್ದರಿಂದ ಅಲ್ಲವೇ,
ಯಾರೋ ನನ್ನ ಹಾಗಿನವರು, ರಾತ್ರಿ ಕೂತು,
ಕಿಟಕಿಗೆ ಕಿಟಕಿ ಅಂಟಿಸಿ,
ನಾಳೆ ಬೆಳಿಗ್ಗೆ ತುಳಿಯಲಿಕ್ಕೆ.

ಹೊಸ್ತಿಲಲ್ಲಿ ಇಟ್ಟೆ, ಅರ್ಧ ಶಟರಿನ ಕೆಳಗೆ.
ಸಿಮೆಂಟಿಗೆ ಕೆನ್ನೆ ಹಚ್ಚಿ ಮಲಗಿದೆ.
ಆಗ ಬಂತು ಕಾಸರಗೋಡಿನ ಕೊನೆಯ ಬಸ್ಸು,
ಅದರ ಮೊಣಕಾಲಿಗೆ.
ಹೊಸ ಹೆದ್ದಾರಿಯ ಕಾಂಕ್ರೀಟು ಗೋಡೆ ಸೊಂಟಕ್ಕೆ.
ಎದುರಿನ ಬೇಕರಿಯ ದೀಪ ಬೊಗಸೆಗೆ.
ಕೂಗಲಿಲ್ಲ ಅದು. ಕಾದೆ.

ಫೋಟೋ ತೆಗೆದು ಅಜ್ಮಾನಿಗೆ ಕಳಿಸಿದೆ,
ಅಲ್ಲಿ ಅಂದುಂಞಿ ಊರವರ ಏಸಿ ರಿಪೇರಿ ಮಾಡುತ್ತಾನೆ,
ಮಹಡಿಯ ಮೇಲೆ, ಬಿಸಿಲಲ್ಲಿ, ಇಪ್ಪತ್ತೆರಡು ವರ್ಷ.
ತಕ್ಷಣ ಉತ್ತರ ಬಂತು:
ಜಿಪ್ಪು ಎಲ್ಲಿ?

ತಿರುಗಿಸಿದೆ. ಬೆನ್ನಿನ ಸೀಳು ಹಾಗೇ ಇತ್ತು.
ಕಡ್ಡಿಯ ತುದಿಯಲ್ಲಿ ಅಂಟು ಒಣಗುತ್ತಿತ್ತು.
ಮುಚ್ಚಲಿಲ್ಲ.
ಸೆಕೆ ಉಂಟು.